ಮಸಿಬಟ್ಟೆಯಲ್ಲಿ ಮಸಿಯೇ ಇಲ್ಲವಲ್ಲ!

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು, ಪಾತ್ರೆಯ ತಳ ಕಪ್ಪಾಗುವುದು ನಿಂತೇ ಹೋಯಿತು, ಆದರೂ ಬಿಸಿ ಪಾತ್ರೆ ಇಳಿಸುವ ಬಟ್ಟೆಗೆ ಇವತ್ತಿಗೂ ಮಸಿಬಟ್ಟೆ ಅಂತಲೇ ಹೆಸರು ಎಂದು. ಅಷ್ಟಕ್ಕೇ ಒಲೆ, ಬೆಂಕಿ, ಬೂದಿ ಅಂತ ಪತ್ರಗಳ ಕಂತೆಯೇ ಬಂತು. ಹಾಗಾಗಿ ಈ ಸಲ ಬೇರೆ ಪದಗಳಿಗೆಲ್ಲ ರಜೆ.

ಪ್ರಶ್ನೆ: ಬೆಂಕಿಗೆ ತಮಿಳಿನಲ್ಲಿ ‘ತೀ’ ಅಂತಾರೆ, ನಾವು ತುಳುವಿನಲ್ಲಿ ‘ತೂ’ ಅಂತೀವಿ, ಕೊಡಗಿನ ನನ್ನ ಗೆಳತಿ ‘ತಿತ್ತ್’ ಅಂತಾಳೆ. ಕನ್ನಡದವರು ಮಾತ್ರ ಬೆಂಕಿ ಅನ್ನೋದು ಯಾಕೆ? ಆ ಹಳೆಯ ಪದ ಕನ್ನಡದಲ್ಲಿ ಇರಲೇ ಇಲ್ವಾ?
— ಕಾಲೇಜು ವಿದ್ಯಾರ್ಥಿನಿ, ಪುತ್ತೂರು

ಇದೆ, ಪಾತ್ರೆಯ ತಳದಲ್ಲಿ ಕೂತಿದೆ!

ಅನ್ನಕ್ಕಿಟ್ಟು ಫೋನಿನಲ್ಲಿ ಮಾತಿಗೆ ಕೂತಿರಿ ಅಂದುಕೊಳ್ಳಿ. ಎಸರು ಇಂಗಿತು, ತಳ ಹಿಡಿಯಿತು, ಒಳಗಿಂದ ಅಮ್ಮ ಕೂಗಿದರು: ‘ಅನ್ನ ಸೀದು ಹೋಯ್ತಲ್ಲೇ!’ ಆ ‘ಸೀದು’ ಒಳಗಿರುವ ‘ಸೀ’ಯೇ ನಿಮ್ಮ ತೂ, ತಮಿಳಿನ ತೀ. ತಮಿಳಿನಲ್ಲಿ ತೀ ಅಂದರೆ ಬೆಂಕಿಯೂ ಹೌದು, ಸುಟ್ಟು ಕರಕಾಗುವುದೂ ಹೌದು. ಕನ್ನಡ ಬೆಂಕಿಗಿದ್ದ ಆ ಹೆಸರನ್ನು ಕೈಬಿಟ್ಟಿತು, ಕರಕಾಗುವುದನ್ನು ಮಾತ್ರ ಇಟ್ಟುಕೊಂಡಿತು.

ಅದು ಹೇಗೆ ತೀ ಹೋಗಿ ಸೀ ಆಗುತ್ತೆ ಅಂತ ನೀವು ಕೇಳಬೇಕು, ಕೇಳದೆ ಒಪ್ಪಿಕೊಳ್ಳಬಾರದು. ಸಾಕ್ಷಿ ಅದೇ ಅಡುಗೆಮನೆಯ ಇನ್ನೊಂದು ಡಬ್ಬದಲ್ಲಿದೆ. ಸಿಹಿಗೆ ತೆಲುಗಿನಲ್ಲಿ ‘ತೀಪಿ’, ಹಳೆಯ ತಮಿಳಿನಲ್ಲಿ ‘ತೀಂ’. ನಮ್ಮಲ್ಲಿ ‘ಸೀ’, ‘ಸಿಹಿ’. ಅಲ್ಲೂ ತ ಇದ್ದ ಕಡೆ ನಮಗೆ ಸ. ಹಾಗಾಗಿ ಪಾಯಸ ‘ಸೀ’ ಆಗಿದೆ ಅಂದರೆ ಒಂದರ್ಥ, ಅದೇ ಪಾಯಸ ‘ಸೀದಿದೆ’ ಅಂದರೆ ಬೇರೆಯೇ ಅರ್ಥ. ಎರಡರದೂ ಬೇರು ಬೇರೆ, ಹಾದುಬಂದ ದಾರಿ ಒಂದೇ.

ಇನ್ನು ಬೆಂಕಿ. ಇದು ಬೇಯು, ಬೆಂದ ಎಂಬ ಮಾತಿನ ಮನೆಯದ್ದು. ತಮಿಳಿನಲ್ಲಿ ವೇ, ವೆಂದ. ತಮಿಳಿನ ವ ಇರುವ ಕಡೆ ನಮ್ಮಲ್ಲಿ ಬ ಇರುವುದು ತೀರಾ ಮಾಮೂಲು: ವಾ–ಬಾ, ವಿಲ್–ಬಿಲ್ಲು, ವಿರಲ್–ಬೆರಳು, ವೆಳ್ಳಿ–ಬೆಳ್ಳಿ. ಅದೇ ಸಾಲಿನಲ್ಲಿ ವೆಯಿಲ್–ಬಿಸಿಲು. ಬಿಸಿ, ಬಿಸಿಲು, ಬೇಸಗೆ, ಬೇಯು, ಬೆಂಕಿ ಎಲ್ಲ ಒಂದೇ ಒಲೆಯ ಸುತ್ತ ಕೂತ ಅಕ್ಕತಂಗಿಯರು. ಇವತ್ತು ನಾವು ‘ಬೆಂದಿದೆ’ ಅನ್ನುವುದು ಬೇಳೆ, ಆಲೂಗಡ್ಡೆಗೆ. ಹಿಂದೆ ಬೇಯುವುದು ಅಂದರೆ ಸುಡುವುದೂ ಆಗಿತ್ತು. ‘ಬೆಂದ ಮನೆ’ ಅಂದರೆ ಸುಟ್ಟ ಮನೆ, ಕುದಿಸಿದ ಮನೆ ಅಲ್ಲ. ‘ನೊಂದು ಬೆಂದು’ ಅನ್ನುವಾಗಲೂ ಆ ಸುಡುವ ಅರ್ಥವೇ ಒಳಗೆ ಇರೋದು.

ಪ್ರಶ್ನೆ: ಹಾಗಾದರೆ ಬೆಂಗಳೂರು ಕೂಡ ‘ಬೆಂದಕಾಳೂರು’ ತಾನೇ? ನಮ್ಮ ಆಟೋದವರೊಬ್ಬರು ಹೇಳಿದ ಕಥೆ.
— ಬ್ಯಾಂಕ್ ಉದ್ಯೋಗಿ, ಜಯನಗರ

ಕಥೆ ಚೆನ್ನಾಗಿದೆ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರಿಗೆ ಅದೇ ಹೆಸರಾಯಿತು ಅಂತ. ಆದರೆ ಈ ವೀರಬಲ್ಲಾಳ, ಅಂದರೆ ಇಮ್ಮಡಿ ಬಲ್ಲಾಳ, ಪಟ್ಟಕ್ಕೆ ಬಂದದ್ದು 12ನೇ ಶತಮಾನದ ಕೊನೆಯ ಭಾಗದಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ವೀರಗಲ್ಲು ಇದೆ, ಅದರಲ್ಲಿ ಆಗಲೇ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅಂದರೆ ಮುದುಕಿ ಕಾಳು ಬೇಯಿಸುವುದಕ್ಕೆ ಸುಮಾರು 300 ವರ್ಷ ಮೊದಲೇ ಊರಿಗೆ ಹೆಸರಿತ್ತು. ಆಟೋದವರಿಗೆ ಇದನ್ನು ಹೇಳಲೇಬೇಕು ಅಂತಿಲ್ಲ. ಮೀಟರ್ ಹಾಕಿದ್ದರೆ ಸಾಕು.

ಪ್ರಶ್ನೆ: ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಅಂತ ಗಾದೆ ಇದೆಯಲ್ಲ, ಅಟ್ಟದ ಮೇಲೆ ಒಲೆ ಯಾರು ಹಚ್ಚುತ್ತಾರೆ? ನನ್ನ ಮಗನ ಪ್ರಶ್ನೆ, ನನಗೂ ಉತ್ತರ ಗೊತ್ತಿಲ್ಲ.
— ಗೃಹಿಣಿ, ತಿಪಟೂರು

ನಿಮ್ಮ ಮಗನಿಗೆ ಒಂದು ಹೋಳಿಗೆ ಜಾಸ್ತಿ ಕೊಡಿ. ನಾನೂ ಹೈಸ್ಕೂಲಿನವರೆಗೆ ಇದನ್ನು ಅಟ್ಟ ಅಂತಲೇ ತಿಳಿದಿದ್ದೆ, ಅಜ್ಜಿ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ರಾಶಿಗೆ ಬೆಂಕಿ ಬಿದ್ದ ಹಾಗೆ ಕಲ್ಪಿಸಿಕೊಂಡು ಹೆದರುತ್ತಿದ್ದೆ ಕೂಡ.

ಇಲ್ಲಿನ ‘ಅಟ್ಟ’ ಮಹಡಿಯದ್ದಲ್ಲ. ಅಡು ಎಂದರೆ ಬೇಯಿಸು. ಅದರ ಭೂತಕಾಲದ ರೂಪ ಅಟ್ಟ, ಹೇಗೆ ಸುಡು–ಸುಟ್ಟ, ಇಡು–ಇಟ್ಟ, ಕೊಡು–ಕೊಟ್ಟ, ಹಾಗೆ ಅಡು–ಅಟ್ಟ. ಅಡುಗೆ ಮಾಡಿ ಮುಗಿಸಿದ ಮೇಲೆ ಒಲೆ ಧಗಧಗ ಅಂತ ಉರಿಯಿತು ಅನ್ನೋದು ಗಾದೆಯ ಅರ್ಥ. ಸೌದೆ ಒಲೆ ಮುಂದೆ ಕೂತವರಿಗೆ ಇದು ಹೇಳದೆಯೇ ಗೊತ್ತಾಗುತ್ತದೆ. ಹಸಿ ಸೌದೆ ಇಟ್ಟುಕೊಂಡು, ಊದಿ ಊದಿ, ಕಣ್ಣಲ್ಲಿ ನೀರು ತಂದುಕೊಂಡು, ಹೇಗೋ ಸಾರು ಕುದಿಸಿ ಇಳಿಸಿರುತ್ತೀರಿ. ಅಷ್ಟು ಹೊತ್ತಿಗೆ ಆ ಸೌದೆ ಒಣಗಿ, ಕಾದು, ಈಗ ಹತ್ತಿಕೊಳ್ಳುತ್ತದೆ ನೋಡಿ, ಏನು ಉರಿ ಏನು ಉರಿ. ಮೇಲೆ ಇಡೋಕೆ ಏನೂ ಇಲ್ಲ.

ಅಡು ಎಂಬ ಕ್ರಿಯೆಯನ್ನು ಇವತ್ತು ಯಾರೂ ಬಳಸುವುದಿಲ್ಲ. ‘ಅಡುಗೆ ಮಾಡು’ ಅಂತೀವಿ, ಅಂದರೆ ‘ಬೇಯಿಸುವಿಕೆ ಮಾಡು’ ಅಂದ ಹಾಗೆ. ತಮಿಳರು ಒಲೆಗೆ ಅನ್ನುವ ‘ಅಡುಪ್ಪು’ ಇದೇ ಅಡು. ಅವರ ಅಡುಪ್ಪು ಒಲೆಯಾಯಿತು, ನಮ್ಮ ಅಡುಗೆ ಅದರ ಮೇಲೆ ಬೇಯುವ ಪದಾರ್ಥವಾಯಿತು.

ಪ್ರಶ್ನೆ: ಒಲೆ ಮತ್ತು ಓಲೆ ಒಂದೇ ಪದದಿಂದ ಬಂದವೇ? ಹಳೇ ಓಲೆಗರಿಗಳನ್ನು ಒಲೆಗೆ ಹಾಕುತ್ತಿದ್ದರು ಅಂತ ಕೇಳಿದ್ದೇನೆ.
— ನಿವೃತ್ತ ಶಿಕ್ಷಕರು, ಹಾಸನ

ಹಾಕಿದ್ದು ನಿಜ, ಎಷ್ಟೋ ಮನೆಯಲ್ಲಿ ಬಚ್ಚಲ ಒಲೆಗೆ ತಾಳೆಗರಿ ಹೋಗಿದೆ, ನೆನೆದರೆ ಹೊಟ್ಟೆ ಉರಿಯುತ್ತದೆ. ಪದಗಳಿಗೆ ಮಾತ್ರ ಸಂಬಂಧವಿಲ್ಲ. ಓಲೆ ತಾಳೆಯ ಗರಿ. ಒಲೆ ತಮಿಳಿನ ‘ಉಲೈ’ ಜೊತೆಗಿನದು. ಅಲ್ಲಿ ಉಲೈ ಅಂದರೆ ಕಮ್ಮಾರನ ಕುಲುಮೆ, ಜೊತೆಗೆ ಅನ್ನಕ್ಕೆ ಇಡುವ ಎಸರು ಕೂಡ. ಮೊದಲ ಅಕ್ಷರದ ಈ ಉ–ಒ ವ್ಯತ್ಯಾಸ ಗಮನಿಸಿ. ಅವರ ಉಡಲ್ ನಮ್ಮ ಒಡಲು, ಅವರ ಉಲಕ್ಕೈ ನಮ್ಮ ಒನಕೆ, ಅವರ ಪುಗೈ ನಮ್ಮ ಹೊಗೆ. ಹಾಗೆಯೇ ಇಲೈ–ಎಲೆ.

ಕೋಡೊಲೆ ಗೊತ್ತಲ್ಲ? ದೊಡ್ಡ ಒಲೆಯ ಪಕ್ಕದಲ್ಲಿ, ಅದರ ಉರಿಯನ್ನೇ ಹಂಚಿಕೊಳ್ಳುವ ಇನ್ನೊಂದು ಬಾಯಿ. ಒಲೆಗೆ ಕೋಡು ಮೂಡಿದ ಹಾಗೆ. ಸಾರು ಬಿಸಿ ಆರದೆ ಇರಲಿ ಅಂತ ಅಲ್ಲಿ ಇಡುತ್ತಿದ್ದರು. ಈಗಿನ ಮಕ್ಕಳಿಗೆ ‘ಸಣ್ಣ ಬರ್ನರ್’ ಅಂದರೆ ಬೇಗ ತಿಳಿಯುತ್ತದೆ.

ಪ್ರಶ್ನೆ: ಇಂಗ್ಲಿಷಿನ ಕಿಚನ್ ನಮ್ಮ ‘ಕಿಚ್ಚು’ವಿನಿಂದ ಬಂದದ್ದು ಅಂತ ವಾಟ್ಸಾಪಿನಲ್ಲಿ ಓದಿದೆ. ಹೆಮ್ಮೆಯಾಯಿತು. ಕಿಚಡಿಯೂ ಅದೇ ಅಂತೆ?
— ಓದುಗರು, ದಾವಣಗೆರೆ

ಹೆಮ್ಮೆಗೆ ಬೇರೆ ನೂರು ಕಾರಣ ಇವೆ, ಇದು ಬೇಡ. ಕಿಚನ್ ಹಳೆಯ ಇಂಗ್ಲಿಷಿನಲ್ಲಿ ‘ಕ್ಯುಚೆನೆ’ ಎಂಬಂತೆ ಇತ್ತು, ಅದು ಬಂದದ್ದು ಲ್ಯಾಟಿನ್‌ನ ‘ಕೊಕ್ವೀನಾ’ದಿಂದ. ಕೊಕ್ವೆರೆ ಅಂದರೆ ಬೇಯಿಸು. ಕುಕ್, ಕುಕ್ಕರ್, ದೊಡ್ಡ ಹೋಟೆಲಿನ ಮೆನುವಿನಲ್ಲಿ ಬರುವ ಕ್ವಿಜೀನ್ ಎಲ್ಲ ಅದೇ ಗುಂಪು. ಜರ್ಮನ್ನರೂ ಅಡುಗೆಮನೆಗೆ ‘ಕ್ಯೂಹೆ’ ಅನ್ನುತ್ತಾರೆ. ಕಿಚಡಿ ಉತ್ತರದಿಂದ ಬಂದ ಖಿಚಡಿ, ಅದಕ್ಕೂ ಕಿಚ್ಚಿಗೂ ಒಲೆಯ ಮೇಲೆ ಭೇಟಿಯಾಗುವಷ್ಟೇ ಸಂಬಂಧ.

ಕೇಳೋದಕ್ಕೆ ಒಂದೇ ಥರ ಇದ್ದರೆ ಸಾಲದು ಸ್ವಾಮಿ. ತೀ–ಸೀ ನೋಡಿ, ಒಲೆ–ಉಲೈ ನೋಡಿ, ಕೇಳೋಕೆ ಅಷ್ಟೇನೂ ಒಂದೇ ಥರ ಇಲ್ಲ, ಆದರೆ ಅದೇ ಬದಲಾವಣೆ ಹತ್ತು ಪದಗಳಲ್ಲಿ ಸಿಗುತ್ತದೆ. ಕಿಚ್ಚು–ಕಿಚನ್ ಕೇಳೋಕೆ ಅವಳಿ ಮಕ್ಕಳು, ಜೊತೆಗೆ ನಿಲ್ಲೋಕೆ ಇನ್ನೊಂದು ಜೋಡಿ ಇಲ್ಲ.

ಕಿಚ್ಚು ನಮ್ಮದೇ, ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದು ಮಂಡ್ಯ, ಮೈಸೂರು ಕಡೆ ಇನ್ನೂ ಇದೆ. ಕಾಡಿನ ಜೊತೆ ಸೇರಿದರೆ ಕಾಡ್ಗಿಚ್ಚು, ಕ ಹೋಗಿ ಗ ಆಗುತ್ತದೆ, ಊದುಗೊಳವೆಯಲ್ಲಿ ಆದ ಹಾಗೆ. ಹೊಟ್ಟೆಕಿಚ್ಚು ಮಾತ್ರ ಏನೂ ಬದಲಾಗದೆ ಹಾಗೇ ಉಳಿದಿದೆ. ಅದರ ಸ್ವಭಾವವೇ ಹಾಗಲ್ವಾ!

ಪ್ರಶ್ನೆ: ಕೊಂಡ ಹಾಯುವುದು ಅನ್ನುತ್ತಾರೆ. ತೆಲುಗಿನಲ್ಲಿ ಕೊಂಡ ಅಂದರೆ ಬೆಟ್ಟ. ಬೆಟ್ಟಕ್ಕೂ ಬೆಂಕಿಗೂ ಏನು ನಂಟು?
— ಓದುಗರು, ಪಾವಗಡ

ನಂಟಿಲ್ಲ. ಈ ಕೊಂಡ ಸಂಸ್ಕೃತದ ಕುಂಡ, ಅಗ್ನಿಕುಂಡದ ಕುಂಡ. ಬೆಟ್ಟ ಮೇಲೆ, ಇದು ಕೆಳಗೆ.

ಪ್ರಶ್ನೆ: ನಮ್ಮ ಕಡೆ ಕಡ್ಡಿಪೆಟಗಿ, ಚಿಮಣಿ ಎಣ್ಣಿ. ಬೆಂಗಳೂರಿಗೆ ಬಂದರೆ ಬೆಂಕಿಪೊಟ್ಟಣ, ಸೀಮೆಎಣ್ಣೆ. ಯಾವುದು ಸರಿಯಾದ ಕನ್ನಡ?
— ಓದುಗರು, ಗದಗ

ನಿಮ್ಮದೂ ಸರಿ, ಅವರದೂ ಸರಿ. ಗೀರಿದರೆ ಹತ್ತುವ ಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ ಎಂಬ ಔಷಧಿ ಅಂಗಡಿಯವನು ಮಾರಲು ಶುರುಮಾಡಿದ್ದೇ 1827ರಲ್ಲಿ. ಅದು ನಮ್ಮೂರು ತಲುಪಿದಾಗ ಒಬ್ಬರಿಗೆ ಅದರೊಳಗಿನ ಕಡ್ಡಿ ಕಂಡಿತು, ಇನ್ನೊಬ್ಬರಿಗೆ ಬೆಂಕಿ ಕಂಡಿತು. ಹೊರಗಿನದು ಒಬ್ಬರಿಗೆ ಪೆಟ್ಟಿಗೆ, ಒಬ್ಬರಿಗೆ ಪೊಟ್ಟಣ. ಹೊಸ ವಸ್ತುವಿಗೆ ಹಳೆಯ ಮಾತು ಜೋಡಿಸಿ ಹೆಸರಿಡುವುದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದಿಲ್ಲ.

ಎಣ್ಣೆಯ ಕಥೆ ಇನ್ನೂ ಮಜವಾಗಿದೆ. ಸೀಮೆ ಅಂದರೆ ಗಡಿ, ಆಮೇಲೆ ನಾಡು, ಆಮೇಲೆ ಹೊರನಾಡು. ಹಡಗಿನಲ್ಲಿ ಬಂದದ್ದಕ್ಕೆಲ್ಲ ಸೀಮೆ ಅಂಟಿಸಿದರು: ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. 19ನೇ ಶತಮಾನದ ಕೊನೆಗೆ ಅಮೆರಿಕ, ರಷ್ಯಾದಿಂದ ಡಬ್ಬಗಳಲ್ಲಿ ಬರುತ್ತಿದ್ದ ಎಣ್ಣೆ ಸೀಮೆಎಣ್ಣೆಯಾಯಿತು. ನಿಮ್ಮ ಚಿಮಣಿ ಬಂದದ್ದು ಆ ಎಣ್ಣೆಯ ದೀಪದ ಗಾಜಿನ ಬುರುಡೆಯಿಂದ. ಆ ಇಂಗ್ಲಿಷ್ ಪದ ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್‌ನಿಂದ, ಲ್ಯಾಟಿನ್‌ಗೆ ಗ್ರೀಕಿನ ‘ಕಮಿನೋಸ್’ನಿಂದ. ಅದರ ಅರ್ಥ ಕುಲುಮೆ. ಕುಲುಮೆಯಿಂದ ಹೊಗೆ ಕೊಳವೆಗೆ, ಕೊಳವೆಯಿಂದ ದೀಪದ ಗಾಜಿಗೆ, ಗಾಜಿನಿಂದ ಗದಗಿನಲ್ಲಿ ಎಣ್ಣೆಗೆ! ಮಹಾರಾಷ್ಟ್ರದಲ್ಲಿ ಇದೇ ಎಣ್ಣೆ ‘ಘಾಸಲೇಟ್’, ಅದು ಗ್ಯಾಸ್‌ಲೈಟ್ ಮಾತು ಕೆಟ್ಟು ಆದದ್ದು.

ಗ್ಯಾಸ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಗ್ರೀಕಿನ ‘ಖೇಯಾಸ್’ ನೋಡಿಕೊಂಡು ಕಟ್ಟಿದ. ಖೇಯಾಸ್ ಅಂದರೆ ಗೊಂದಲ, ಶೂನ್ಯ. ಹಬ್ಬದ ಹಿಂದಿನ ದಿನ ಸಿಲಿಂಡರ್ ಖಾಲಿಯಾದ ಮನೆಯಲ್ಲಿ ಈ ಮೂಲ ತಾನಾಗಿಯೇ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ತಾಯಿ ಮನೆಯಲ್ಲಿ ‘ಅಸ್ತ್ರ ಒಲೆ’ ಇತ್ತು. ಯಾವ ಅಸ್ತ್ರ ಅದು? ಆಗ್ನೇಯಾಸ್ತ್ರವೇ?
— ಓದುಗರು, ಶಿರಾ

ಚೆನ್ನಾಗಿ ಕೇಳಿದಿರಿ, ಪುರಾಣಕ್ಕೆ ಸರಿಯಾಗಿಯೇ ಹೊಂದುತ್ತಿತ್ತು. ಆದರೆ ಇದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ವಿಭಾಗದ ಹೆಸರು. ‘ಅಪ್ಲಿಕೇಶನ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ಟು ರೂರಲ್ ಏರಿಯಾಸ್’ ಎಂಬುದರ ಮೊದಲಕ್ಷರಗಳನ್ನು ಜೋಡಿಸಿದರೆ ಅಸ್ತ್ರ. ಅಲ್ಲಿನವರು ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ, ಸೌದೆ ಕಡಿಮೆ ತಿನ್ನುವ ಒಲೆ ಮಾಡಿದರು. ಇಂಗ್ಲಿಷಿನ ಐದು ಅಕ್ಷರ ಹಳ್ಳಿಗೆ ಬರುವ ಹೊತ್ತಿಗೆ ಅಚ್ಚ ಭಾರತೀಯ ಪದವಾಗಿ ಕೂತಿತ್ತು. ಒಲೆಯ ಹೆಸರಿನ ಪೈಕಿ ನನಗೆ ತುಂಬಾ ಇಷ್ಟದ್ದು ಇದೇ.

ಪ್ರಶ್ನೆ: ‘ಬೂದಿ ಮುಚ್ಚಿದ ಕೆಂಡ’ ಅಂತ ಪತ್ರಿಕೆಯಲ್ಲಿ ಗಲಭೆ ಆದ ಊರಿಗೆ ಬರೀತಾರೆ. ಬೂದಿ ಮುಚ್ಚಿದರೆ ಕೆಂಡ ಆರಿಹೋಗಬೇಕಲ್ವಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಇಲ್ಲ, ಬೂದಿ ಮುಚ್ಚುವುದೇ ಕೆಂಡ ಉಳಿಯಲಿ ಅಂತ. ತುರುವೇಕೆರೆ ಕಡೆಯ ನಮ್ಮ ಅಜ್ಜಿ ರಾತ್ರಿ ಎಲ್ಲರ ಊಟ ಆದ ಮೇಲೆ ಮಾಡುತ್ತಿದ್ದ ಕೊನೆಯ ಕೆಲಸ ಅದು. ಅರ್ಧ ಉರಿದ ಕೊಳ್ಳಿಗಳನ್ನು ಹೊರಗೆಳೆದು ಪಕ್ಕಕ್ಕಿಡುವುದು, ಕೆಂಡವನ್ನೆಲ್ಲ ಒಲೆಯ ಒಂದು ಮೂಲೆಗೆ ಗುಡ್ಡೆ ಮಾಡುವುದು, ಮೇಲೆ ಬೂದಿ ಎಳೆದು ಮುಚ್ಚುವುದು. ಗಾಳಿ ಕಡಿಮೆಯಾಗುವುದರಿಂದ ಕೆಂಡ ಬೇಗ ಉರಿದು ಮುಗಿಯುವುದಿಲ್ಲ, ಒಳಗೊಳಗೇ ಕಾವು ಹಿಡಿದುಕೊಂಡಿರುತ್ತದೆ. ಬೆಳಗ್ಗೆ ಬೂದಿ ಸರಿಸಿ, ಒಣಗಿದ ತೆಂಗಿನ ಗರಿ ಒಂದಿಷ್ಟು, ಮೇಲೊಂದು ಕರಟ ಇಟ್ಟು, ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಉರಿ ಎದ್ದು ನಿಲ್ಲುತ್ತಿತ್ತು. ಒಂದು ಕಡ್ಡಿ ಉಳಿಯಿತು ಅನ್ನುವ ಸಂತೋಷ ಅಜ್ಜಿಗೆ.

ಈಗ ತಮಾಷೆ ನೋಡಿ. ಗಲಭೆಯ ಊರಿನಲ್ಲಿ ಹಾಕುವ ಕರ್ಫ್ಯೂ ಇದೆಯಲ್ಲ, ಅದು ಹಳೆಯ ಫ್ರೆಂಚಿನ ‘ಬೆಂಕಿ ಮುಚ್ಚು’ ಎಂಬ ಎರಡು ಪದ ಸೇರಿ ಆದದ್ದು. ನಡುಗಾಲದ ಯುರೋಪಿನ ಊರುಗಳಲ್ಲಿ ಸಂಜೆ ಗಂಟೆ ಹೊಡೆಯುತ್ತಿದ್ದರು, ಒಲೆ ಮುಚ್ಚಿ ಮಲಗಿ ಅಂತ, ಕಟ್ಟಿಗೆಯ ಮನೆಗಳಿಗೆ ರಾತ್ರಿ ಬೆಂಕಿ ಹತ್ತಬಾರದಲ್ಲ. ಹಾಗಾಗಿ ‘ಊರು ಬೂದಿ ಮುಚ್ಚಿದ ಕೆಂಡದಂತಿದೆ, ಕರ್ಫ್ಯೂ ಹಾಕಲಾಗಿದೆ’ ಎಂದು ವರದಿಗಾರರು ಬರೆದರೆ, ಪಾಪ ಅವರಿಗೇ ಗೊತ್ತಿಲ್ಲದೆ ಒಂದೇ ಮಾತನ್ನು ಎರಡು ಸಲ ಹೇಳಿರುತ್ತಾರೆ.

ಬೂದಿ ಸಂಸ್ಕೃತದ ಭೂತಿ. ಹೀಗೆ ರೂಪ ಬದಲಿಸಿ ಬಂದ ಪದಗಳಿಗೇ 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣ ಇಟ್ಟಿದ್ದಾನೆ. ಭೂತಿಗೆ ಸಂಪತ್ತು ಎಂಬ ಅರ್ಥವೂ ಇದೆ. ಹಣೆಯ ಮೇಲಿನ ವಿಭೂತಿಯೂ ಪಾತ್ರೆ ತಿಕ್ಕುವ ಬೂದಿಯೂ ಒಂದೇ ಮನೆತನ. ಅಂದಹಾಗೆ ಪಾತ್ರೆ ತಿಕ್ಕುವುದಕ್ಕೆ ಅಜ್ಜಿ ‘ಪಾತ್ರೆ ಬೆಳಗೋದು’ ಅನ್ನುತ್ತಿದ್ದರು. ದೀಪ ಬೆಳಗುವುದು, ಪಾತ್ರೆ ಬೆಳಗುವುದು, ಬೆಳಗಾಗುವುದು, ಮೂರರಲ್ಲೂ ಇರೋದು ಬಿಳಿ, ಹೊಳಪು. ಬೂದಿಯಿಂದ ಹೊಳಪು ತೆಗೆಯುವ ಆ ಕೆಲಸಕ್ಕೆ ಎಷ್ಟು ಒಳ್ಳೆಯ ಮಾತು!

ಪ್ರಶ್ನೆ: ಹೊಗೆಸೊಪ್ಪು ಎಷ್ಟು ಹಳೆಯ ಪದ? ಪಂಪನ ಕಾಲದಲ್ಲಿ ಇತ್ತೇ?
— ಓದುಗರು, ಪಿರಿಯಾಪಟ್ಟಣ

ಹೊಗೆ ಇತ್ತು, ಆಗ ‘ಪೊಗೆ’ ಅನ್ನುತ್ತಿದ್ದರು. ಆಮೇಲೆ ಪದದ ಮೊದಲ ಪ ಎಲ್ಲ ಹ ಆಯಿತು: ಪಾಲ್–ಹಾಲು, ಪೂ–ಹೂ. ಸೊಪ್ಪೂ ಇತ್ತು. ಎರಡೂ ಸೇರಿದ ಗಿಡ ಮಾತ್ರ ಇರಲಿಲ್ಲ, ತಂಬಾಕು ಅಮೆರಿಕ ಖಂಡದ್ದು, ಪೋರ್ಚುಗೀಸರ ಮೂಲಕ ಬಂದದ್ದು. ತಮಿಳರ ಪುಗೈಯಿಲೈ, ತೆಲುಗರ ಪೊಗಾಕು, ಮಲಯಾಳಿಗಳ ಪುಗಯಿಲ, ಎಲ್ಲರೂ ಹೊಗೆಯ ಎಲೆ ಅಂತಲೇ ಕರೆದರು. ಪಂಪ ಅದನ್ನು ನೋಡಿರಲಿಲ್ಲ, ಪುಣ್ಯವಂತ.

ಪ್ರಶ್ನೆ: ನಮ್ಮತ್ತೆ ‘ದೀಪ ಆರಿಸು’ ಅಂದರೆ ಬೈಯುತ್ತಾರೆ, ‘ದೀಪ ದೊಡ್ಡದು ಮಾಡು’ ಅನ್ನಬೇಕಂತೆ. ಆರಿಸೋದಕ್ಕೆ ದೊಡ್ಡದು ಮಾಡು ಅಂದರೆ ಉಲ್ಟಾ ಅಲ್ವಾ?
— ಹೊಸ ಸೊಸೆ, ತುಮಕೂರು

ಉಲ್ಟಾನೇ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಅಂತ ಮಾತನ್ನು ತಿರುಗಿಸುವುದು ನಮ್ಮ ಹಳೆಯ ಅಭ್ಯಾಸ. ಬಳೆ ಒಡೆದರೆ ಬಳೆ ಹೆಚ್ಚಾಯಿತು, ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’. ಕೆಲವು ಮನೆಗಳಲ್ಲಿ ‘ದೀಪ ಶಾಂತ ಮಾಡು’ ಅಂತಾರೆ. ನಿಜ ಹೇಳಬೇಕೆಂದರೆ ‘ಆರು’ ಅಷ್ಟೇನೂ ಕೆಟ್ಟ ಪದವಲ್ಲ, ಬಟ್ಟೆ ಆರುತ್ತದೆ, ಬಿಸಿ ಕಾಫಿ ಆರುತ್ತದೆ, ಬೆವರು ಆರುತ್ತದೆ. ಆದರೆ ಇದನ್ನು ನಿಮ್ಮತ್ತೆಗೆ ಹೇಳಲು ಹೋಗಬೇಡಿ. ದೇವರ ಮುಂದಿನದನ್ನು ದೊಡ್ಡದು ಮಾಡಿ, ಬಚ್ಚಲುಮನೆ 40 ವ್ಯಾಟ್ ಬಲ್ಬನ್ನು ಆರಿಸಿ.

ಮಿಕ್ಕ ಪತ್ರಗಳಲ್ಲಿ ಒರಳು, ಬೀಸುಕಲ್ಲಿನ ಪ್ರಶ್ನೆಗಳೇ ಜಾಸ್ತಿ ಇವೆ, ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಇದನ್ನು ಬರೆಯುತ್ತಾ ಒಲೆ ಮೇಲಿನ ಹಾಲು ಮರೆತಿದ್ದೆ. ಯಾವ ಪದ ಕೇಳಿಸಿತು ಅಂತ ಬೇರೆ ಹೇಳಬೇಕಿಲ್ಲ ತಾನೇ?